ಏಳನೇ ಕ್ಲಾಸಿನ ಪೂರ್ವಪಕ್ಷ

ಜಗಲಿಯ ತುಂಬ ಬಿಚ್ಚಿಟ್ಟ ಕೊಡೆಗಳು. ಅವುಗಳ ಪಕ್ಕದಲ್ಲಿ ಕೆಸರು ಮೆತ್ತಿದ ಪ್ಲಾಸ್ಟಿಕ್ ಚಪ್ಪಲಿಗಳು. ಕಂಬದ ಬುಡದಲ್ಲಿ, ಯಾರದೋ ಕಾಲಿನಿಂದ ಈಗಷ್ಟೇ ಕಿತ್ತು ಉಪ್ಪು ಹಾಕಿದ ಉಂಬಳವೊಂದು ಸುರುಟಿಕೊಂಡು ಬಿದ್ದಿದೆ. ಶಿರಸಿಯಿಂದ ಘಟ್ಟದಂಚಿನ ಕಡೆ ಹೋಗುವ ಬಸ್ಸಿನಿಂದಿಳಿದು, ಅಡಿಕೆ ತೋಟದ ಬದಿಯ ಕಾಲುದಾರಿಯಲ್ಲಿ ನಡೆದು ಇಲ್ಲಿಗೆ ಬಂದಿದ್ದೀರಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಏಳನೇ ತರಗತಿ. ಬೆಳಗಿನ ಹಾಲು ಕುಡಿದಾಗಿದೆ. ಕೊನೆಯ ಬೆಂಚಿನ ಮೂಲೆಯಲ್ಲಿ ನಿಮಗೆ ಜಾಗ ಸಿಕ್ಕಿದೆ. ಪಕ್ಕದ ಹುಡುಗ ತನ್ನ ಚೀಲ ಸರಿಸಿ, ನಿಮ್ಮನ್ನೊಮ್ಮೆ ಓರೆಗಣ್ಣಿನಿಂದ ನೋಡಿ, ಪಟ್ಟಿಯ ಮೂಲೆಯಲ್ಲಿ ಬಿಡಿಸುತ್ತಿದ್ದ ಬಸ್ಸಿನ ಚಿತ್ರಕ್ಕೆ ಮರಳುತ್ತಾನೆ.

ಹಂಚಿನ ಮೇಲೆ ಮಳೆ ಜೋರಾಗಿ ಬೀಳುತ್ತಿದೆ. ಅದು ಸ್ವಲ್ಪ ತಗ್ಗುವವರೆಗೆ ಅಕ್ಕೋರು ಮಾತಾಡುವುದಿಲ್ಲ. ಈ ಸೀಮೆಯಲ್ಲಿ ಗಂಡಸಾದರೆ ಮಾಸ್ತರು, ಹೆಂಗಸಾದರೆ ಅಕ್ಕೋರು. ಅವರ ಮೇಜಿನ ಮೇಲೆ ಕಳೆದ ವಾರದ ಪ್ರಬಂಧಗಳ ಕಟ್ಟು ಇದೆ: ‘ಶಾಲೆಗೆ ಮೊಬೈಲ್ ತರಬಹುದೇ?’ ಅದರೊಳಗಿನ ನಿಮ್ಮ ಪಕ್ಕದವನ ಪ್ರತಿಯನ್ನು ಇಣುಕಿ ನೋಡಿ. ಪೀಠಿಕೆ: ‘ಇಂದಿನ ಆಧುನಿಕ ಯುಗದಲ್ಲಿ ಮೊಬೈಲ್ ಬಹಳ ಮುಖ್ಯವಾಗಿದೆ.’ ವಿಷಯ ವಿವರಣೆ: ಅನುಕೂಲಗಳು ನಾಲ್ಕು, ಅನಾನುಕೂಲಗಳು ನಾಲ್ಕು. ಉಪಸಂಹಾರ: ‘ಹೀಗೆ ಮೊಬೈಲ್‌ನಿಂದ ಒಳ್ಳೆಯದೂ ಇದೆ, ಕೆಟ್ಟದೂ ಇದೆ.’ ಅವನ ಮುಂದಿನವಳ ಪ್ರತಿ? ಅದೇ ಪೀಠಿಕೆ, ಅದೇ ಉಪಸಂಹಾರ. ತರಬಹುದೋ ಬಾರದೋ ಎಂಬ ಪ್ರಶ್ನೆಗೆ ಕಟ್ಟಿನೊಳಗೆ ಉತ್ತರವೇ ಇಲ್ಲ. ‘ಪರಿಸರ ಮಾಲಿನ್ಯ’, ‘ಗ್ರಂಥಾಲಯದ ಮಹತ್ವ’, ‘ರಾಷ್ಟ್ರೀಯ ಹಬ್ಬಗಳು’ ಎಂದು ಬರೆದು ಬರೆದು ಪಳಗಿದ ಕೈಗೆ ಪ್ರಬಂಧವೆಂದರೆ ಯಾರಿಗೂ ನೋವಾಗದಂತೆ ಒಂದೂವರೆ ಪುಟ ತುಂಬಿಸುವ ಕೆಲಸ.

ಈ ಮಕ್ಕಳಿಗೆ ವಾದಿಸಲು ಬರುವುದಿಲ್ಲ ಎಂದುಕೊಳ್ಳಬೇಡಿ. ಮುಂದಿನ ಬೆಂಚಿನಲ್ಲಿ ಇಬ್ಬರು ಹುಡುಗಿಯರು ಕಂಪಾಸ್ ಪೆಟ್ಟಿಗೆಯ ಮುರಿದ ಮುಚ್ಚಳ ಹಿಡಿದು ಪಿಸುದನಿಯಲ್ಲಿ ಜಗಳವಾಡುತ್ತಿದ್ದಾರೆ.

“ನಿನ್ನೆ ಮನೆಗೆ ಒಯ್ದವಳು ನೀನು.”

“ಒಯ್ದಿದ್ದು ಹೌದು. ಆದ್ರೆ ಬೆಳಿಗ್ಗೆ ಕೊಡುವಾಗ ಸರಿ ಇತ್ತು. ಬೇಕಾದ್ರೆ ಇವಳ ಹತ್ರ ಕೇಳು, ನೋಡಿದಾಳೆ.”

“ಇವಳು ನಿನ್ನ ದೋಸ್ತಿ, ನಿನ್ನ ಪರವೇ ಹೇಳ್ತಾಳೆ.”

ಒಂದು ಆರೋಪ, ಒಪ್ಪಬೇಕಾದಷ್ಟು ಒಪ್ಪಿಗೆ, ಒಂದು ಸಾಕ್ಷಿ, ಆ ಸಾಕ್ಷಿಯ ಮೇಲೊಂದು ಆಕ್ಷೇಪ. ವಕೀಲರು ಮಾಡುವುದೂ ಇಷ್ಟನ್ನೇ. ಇದೇ ಹುಡುಗಿಯರು ಮೊಬೈಲ್ ಬಗ್ಗೆ ಬರೆದ ಪುಟಗಳಲ್ಲಿ ಇದರ ಸುಳಿವೂ ಇಲ್ಲ. ಜಗಳದಲ್ಲಿ ಎದುರಿಗೆ ಒಬ್ಬಳು ಕೂತಿದ್ದಾಳೆ, ಮಾತಿಗೆ ಮಾತು ಕೊಡುತ್ತಾಳೆ. ಹಾಳೆಯ ಎದುರು ಯಾರೂ ಇಲ್ಲ. ಏನು ಬರೆದರೂ ಹಾಳೆ ಸುಮ್ಮನೆ ಒಪ್ಪಿಕೊಳ್ಳುತ್ತದೆ. ವಾದದ ಪ್ರಬಂಧ ಕಲಿಸುವವರ ನಿಜವಾದ ಕಷ್ಟ ಇದು: ಎದುರಾಳಿ ಇಲ್ಲದ ಕಡೆ ಎದುರಾಳಿಯನ್ನು ತಂದು ಕೂರಿಸುವುದು ಹೇಗೆ?

ಅಕ್ಕೋರು ಹಳೆಯ ಕಟ್ಟನ್ನು ಬದಿಗಿಡುತ್ತಾರೆ, ಹಂಚುವುದಿಲ್ಲ. ಕರಿಹಲಗೆಯ ಮೇಲೆ ಒಂದೇ ವಾಕ್ಯ ಬರೆಯುತ್ತಾರೆ:

‘ಮಲೆನಾಡು, ಕರಾವಳಿಯ ಶಾಲೆಗಳಿಗೆ ದೊಡ್ಡ ರಜೆ ಬೇಸಿಗೆಯಲ್ಲಿ ಬೇಡ, ಮಳೆಗಾಲದಲ್ಲಿ ಇರಲಿ.’

ಪ್ರಶ್ನೆಯ ಚಿಹ್ನೆ ಇಲ್ಲದ ವಾಕ್ಯ ಅದು. ತರಗತಿ ಒಮ್ಮೆಲೇ ಎದ್ದು ನಿಲ್ಲುತ್ತದೆ. ಎಲ್ಲರೂ ಬಲ್ಲ ವಿಷಯ. ಜೂನ್, ಜುಲೈಯಲ್ಲಿ ಬೆಳಿಗ್ಗೆ ಎದ್ದರೆ ಇವರ ಮೊದಲ ಪ್ರಶ್ನೆ ‘ಡಿಸಿ ರಜೆ ಕೊಟ್ರಾ?’ ಎಂಬುದೇ. ಜಿಲ್ಲಾಧಿಕಾರಿ ಮಳೆ ರಜೆ ಘೋಷಿಸಿದ ಸುದ್ದಿ ಕೆಲವೊಮ್ಮೆ ಮಗು ಅರ್ಧ ದಾರಿ ನೆನೆದು ಬಂದ ಮೇಲೆ ತಲುಪುತ್ತದೆ. ಆ ದಿನಗಳನ್ನು ಮುಂದೆ ಶನಿವಾರದ ಮಧ್ಯಾಹ್ನವೋ ಭಾನುವಾರವೋ ತುಂಬಿಕೊಡಬೇಕು.

“ಯಾರಿಗೆ ಒಪ್ಪಿಗೆ?” ಬಹುತೇಕ ಎಲ್ಲ ಕೈಗಳೂ ಮೇಲೆ.

“ಹಾಗಾದ್ರೆ ವಾದ ಎಲ್ಲಿ ಬಂತು?” ಎಂದು ಅಕ್ಕೋರು ತರಗತಿಯ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಕಿಟಕಿ ಕಡೆಯವರು ಈ ವಾಕ್ಯದ ಪರ, ಗೋಡೆ ಕಡೆಯವರು ವಿರುದ್ಧ. ಮನಸ್ಸಿನಲ್ಲಿ ಏನಿದೆಯೋ ಅದರ ಲೆಕ್ಕವಿಲ್ಲ.

ಗೋಡೆ ಕಡೆಯಿಂದ ಒಬ್ಬ ಎದ್ದೇ ಬಿಟ್ಟ. “ಅಕ್ಕೋರೇ, ನಂಗೆ ಮಳೆಗಾಲದ ರಜೆಯೇ ಬೇಕು. ಬೇಡ ಅಂತ ನಾ ಹ್ಯಾಂಗೆ ಬರೀಲಿ?”

“ನಿಂಗೆ ಬೇಕು ಅಂತ ನಂಗೆ ಗೊತ್ತಾಯ್ತು ಮಾರಾಯ. ಬೇಡ ಅನ್ನುವವರು ಎಂತಕ್ಕೆ ಬೇಡ ಅಂತಾರೆ, ಅದು ನಿಂಗೆ ಗೊತ್ತಿದ್ಯಾ?”

ಅವನು ಕೂರುತ್ತಾನೆ.

ನಿಯಮಗಳು ಹಲಗೆಯ ಮೇಲೇರುತ್ತವೆ. ಬಾಯಿ ತೆರೆಯುವಂತಿಲ್ಲ. ಇಬ್ಬಿಬ್ಬರು ಸೇರಿ ಒಂದು ಚೀಟಿ ಬರೆಯಬೇಕು, ಒಂದು ಚೀಟಿಯಲ್ಲಿ ಒಂದೇ ಮಾತು. ಚೀಟಿ ಗೆರೆ ದಾಟಿ ಎದುರು ಜೋಡಿಗೆ ಹೋಗುತ್ತದೆ. ಉತ್ತರ ಬರೆಯುವವರು ಮೊದಲ ಸಾಲಿನಲ್ಲಿ ‘ನೀವು ಹೇಳಿದ್ದು ಇದು’ ಎಂದು ಎದುರಿನವರ ಮಾತನ್ನೇ ಹೇಳಿ, ಆಮೇಲೆ ತಮ್ಮದನ್ನು ಹೇಳಬೇಕು. ‘ನಾವು ಹಾಗೆ ಹೇಳ್ಲೇ ಇಲ್ಲ’ ಎಂದು ಎದುರಿನವರು ತಲೆ ಅಲ್ಲಾಡಿಸಿದರೆ ಚೀಟಿ ವಾಪಸ್.

ನಿಮ್ಮ ಪಕ್ಕದವನು ಕಿಟಕಿ ಪಕ್ಷ. ಜೊತೆಗಾರನೊಂದಿಗೆ ತಲೆಗೆ ತಲೆ ತಾಗಿಸಿ ಬರೆಯುತ್ತಾನೆ: ‘ಮಳೆಗಾಲದಲ್ಲಿ ಸಂಕದ ಮೇಲೆ ನೀರು ಬರ್ತದೆ. ಮಕ್ಕಳು ದಾಟುವುದು ಅಪಾಯ. ಆದ್ದರಿಂದ ರಜೆ ಬೇಕು.’ ಚೀಟಿ ಗೆರೆ ದಾಟುತ್ತದೆ. ಸ್ವಲ್ಪ ಹೊತ್ತಿಗೆ ಉತ್ತರ: ‘ನಿಮಗೆ ಓದಲು ಸೋಮಾರಿತನ. ಅದಕ್ಕೇ ರಜೆ ಕೇಳ್ತೀರಿ.’

ಅಕ್ಕೋರು ದಾರಿಯಲ್ಲೇ ಅದನ್ನು ಹಿಡಿಯುತ್ತಾರೆ. “ಇದರಲ್ಲಿ ಇವರಿಬ್ಬರ ಬಗ್ಗೆ ಬರೆದಿದ್ದೀರಿ. ಸಂಕದ ಬಗ್ಗೆ ಎಲ್ಲಿದೆ?” ಚೀಟಿ ಹಿಂದಕ್ಕೆ. ಗೋಡೆ ಕಡೆ ನಗು, ಪೆನ್ಸಿಲ್ ಕಚ್ಚುವ ಮೌನ, ಆಮೇಲೆ ಹೊಸದು: ‘ನೀವು ಹೇಳಿದ್ದು ಸಂಕ ದಾಟುವುದು ಅಪಾಯ ಅಂತ. ಅದು ಹೌದು. ಆದರೆ ಸಂಕವನ್ನೇ ಗಟ್ಟಿ ಕಟ್ಟಿಸಿದರೆ ಆಯ್ತಲ್ಲ? ರಜೆ ಎಂತಕ್ಕೆ ಬದಲಿಸಬೇಕು?’

ಪಕ್ಕದವನು ಎರಡು ಸಲ ಓದುತ್ತಾನೆ. ಅವನ ಕಿವಿ ಕೆಂಪಾಗಿದೆ. ಇದು ಪೆಟ್ಟು. ಅಪಾಯವನ್ನು ಎದುರಿನವರು ಒಪ್ಪಿಕೊಂಡರು, ಪರಿಹಾರವನ್ನು ಮಾತ್ರ ಕಿತ್ತುಕೊಂಡರು. ಅದೂ ಗಾಳಿಯಲ್ಲಿ ಹೇಳಿದ ಮಾತಲ್ಲ. ಮಲೆನಾಡಿನ ಕಾಲುಸಂಕಗಳ ಜಾಗದಲ್ಲಿ ಕಿರುಸೇತುವೆ ಕಟ್ಟಲೆಂದೇ ‘ಶಾಲಾ ಸಂಪರ್ಕ ಸೇತು’ ಎಂಬ ಸರ್ಕಾರಿ ಯೋಜನೆ ಬಂದಿದೆ. ಹುಡುಗರು ಮರು ಉತ್ತರ ಬರೆಯುತ್ತಾರೆ: ‘ನೀವು ಹೇಳಿದ್ದು ಸಂಕ ಕಟ್ಟಿಸಿ ಅಂತ. ಎಲ್ಲ ಸಂಕ ಕಟ್ಟಿ ಮುಗಿಯುವವರೆಗೆ ಎಂತ ಮಾಡೋದು?’

ಈಗ ಚೀಟಿಗಳು ಅತ್ತಿತ್ತ ಹಾರುತ್ತಿವೆ. ಕತ್ತು ಚಾಚಿ ಓದುತ್ತ ಹೋಗಿ. ‘ಬೇಸಿಗೆಯಲ್ಲಿ ಶಾಲೆ ಬಾವಿ ಬತ್ತುತ್ತದೆ. ಬಿಸಿಯೂಟಕ್ಕೆ, ಪಾಯಖಾನೆಗೆ ನೀರು ಎಲ್ಲಿಂದ?’ ‘ಬೆಂಗಳೂರಿನ ಅತ್ತೆ ಮಕ್ಕಳಿಗೆ ಏಪ್ರಿಲ್‌ಗೇ ರಜೆ. ನಮಗೆ ಜುಲೈಯಲ್ಲಿ ಕೊಟ್ಟರೆ ಅವರು ಬಂದಾಗ ನಾವು ಶಾಲೆಯಲ್ಲಿ.’ ‘ಮಲೆನಾಡಿಗೊಂದು ರಜೆ, ಬಯಲುಸೀಮೆಗೊಂದು ರಜೆ ಆದರೆ ಪರೀಕ್ಷೆ ಹ್ಯಾಂಗೆ ಒಟ್ಟಿಗೆ ಮಾಡ್ತಾರೆ?’ ‘ಹಲಸಿನ ಹಪ್ಪಳ ಒಣಗಿಸುವಾಗ ಕಾಗೆ ಓಡಿಸಲು ಯಾರು?’ ಈ ಕೊನೆಯದನ್ನು ಎದುರು ಜೋಡಿ ತಮಾಷೆ ಎಂದು ಬದಿಗಿಡುತ್ತದೆ. ಬರೆದವಳ ಮುಖ ನೋಡಿದರೆ ಅವಳಿಗದು ತಮಾಷೆಯಲ್ಲ.

ಚೀಟಿಯ ಈ ಆಟಕ್ಕೆ ದೂರದಲ್ಲೊಂದು ಬಂಧುತ್ವ ಇದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಡಿಯಾನಾ ಕೂನ್ ಮತ್ತು ಅಮಾಂಡಾ ಕ್ರೋವೆಲ್ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇದೇ ವಯಸ್ಸಿನ ಮಕ್ಕಳು ಮೂರು ವರ್ಷ ಜೋಡಿಯಾಗಿ ಕಂಪ್ಯೂಟರ್ ಮುಂದೆ ಕೂತು ಎದುರು ಪಕ್ಷದ ಜೋಡಿಯೊಂದಿಗೆ ಟೈಪ್ ಮಾಡುತ್ತ ವಾದಿಸಿದರು. ಹೋಲಿಕೆಗಿದ್ದ ಇನ್ನೊಂದು ಗುಂಪಿನಲ್ಲಿ ಶಿಕ್ಷಕರು ಮುಂದೆ ನಿಂತು ಚರ್ಚೆ ನಡೆಸಿದರು. ಆ ಗುಂಪಿನ ಮಕ್ಕಳು ಪ್ರಬಂಧಗಳನ್ನೂ ಹೆಚ್ಚು ಬರೆದರು. ಕೊನೆಗೆ ಒಬ್ಬೊಬ್ಬರೇ ಕೂತು ಹೊಸ ವಿಷಯದ ಮೇಲೆ ಬರೆದಾಗ, ಎದುರು ಪಕ್ಷದ ವಾದವನ್ನು ಎತ್ತಿಕೊಂಡು ಉತ್ತರಿಸಿದ್ದು ಹೆಚ್ಚಾಗಿ ಜೋಡಿಯಲ್ಲಿ ವಾದಿಸಿ ಬೆಳೆದವರೇ. ಪ್ರಬಂಧವನ್ನೇ ಹೆಚ್ಚು ಬರೆಸಿದ್ದರಿಂದ ಬಾರದ ಗುಣ ಎದುರಾಳಿಯ ಸಹವಾಸದಿಂದ ಬಂತು. ಈ ಶಾಲೆಯಲ್ಲಿ ಮಗುವಿಗೊಂದು ಕಂಪ್ಯೂಟರ್ ಇಲ್ಲ. ಹಳೆಯ ಪಟ್ಟಿಯ ಖಾಲಿ ಹಾಳೆಗಳು ಬೇಕಾದಷ್ಟಿವೆ.

ಗೋಡೆ ಕಡೆಯ ಮೂರನೇ ಬೆಂಚಿನಿಂದ ಒಂದು ಚೀಟಿ ತಡವಾಗಿ ಹೊರಡುತ್ತದೆ. ಬರೆದವಳು ಈವರೆಗೆ ತಲೆಯೆತ್ತಿಲ್ಲ. ಚೀಟಿ ನಿಮ್ಮ ಪಕ್ಕದವನ ಕೈಗೆ ಬರುತ್ತದೆ:

‘ಜುಲೈಯಲ್ಲಿ ಅಮ್ಮ ನಾಟಿಗೆ ಹೋಗ್ತಾಳೆ. ಶಾಲೆ ಇಲ್ಲದಿದ್ದರೆ ತಮ್ಮನನ್ನು ನಾನೇ ನೋಡಿಕೊಳ್ಳಬೇಕು. ಮಧ್ಯಾಹ್ನದ ಊಟವೂ ಇಲ್ಲ.’

ಅವನು ಓದಿ ಜೊತೆಗಾರನಿಗೆ ಕೊಡುತ್ತಾನೆ. ಜೊತೆಗಾರ ಓದಿ ಬೆಂಚಿನ ಮೇಲಿಡುತ್ತಾನೆ. ಇಬ್ಬರೂ ಬರೆಯುವುದಿಲ್ಲ.

“ಎಂತಾಯ್ತು?” ಅಕ್ಕೋರು ಬಂದು ನಿಲ್ಲುತ್ತಾರೆ.

“ಇದಕ್ಕೆ ಉತ್ತರ ಇಲ್ಲ ಅಕ್ಕೋರೇ.”

“ಉತ್ತರ ಇಲ್ಲದ ಚೀಟಿ ಬಂದ್ರೆ ಎಂತ ಮಾಡೋದು?” ಪ್ರಶ್ನೆ ಇಡೀ ತರಗತಿಗೆ.

“ಹರಿದು ಹಾಕೋದು!” ಕಿಟಕಿ ಕಡೆಯ ಒಬ್ಬ. ಎಲ್ಲರೂ ನಗುತ್ತಾರೆ.

“ಹರಿದ್ರೂ ಅದು ಬರೆದವಳ ಹತ್ರ ಇದ್ದೇ ಇರ್ತದೆ. ಶನಿವಾರ ರಾತ್ರಿ ದೇವಸ್ಥಾನದ ತಾಳಮದ್ದಲೆಗೆ ಯಾರ್ಯಾರು ಹೋಗಿದ್ರಿ?”

ಏಳೆಂಟು ಕೈಗಳು. ಮಳೆಗಾಲದಲ್ಲಿ ಯಕ್ಷಗಾನದ ಬಯಲಾಟಗಳಿಗೆ ಬಿಡುವು. ವೇಷ, ಕುಣಿತ ಯಾವುದೂ ಇಲ್ಲದ ತಾಳಮದ್ದಲೆಗೆ ಇದೇ ಹಂಗಾಮು. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಮೊನ್ನೆಯ ಪ್ರಸಂಗ ‘ವಾಲಿ ವಧೆ’.

“ಬಾಣ ಬಿದ್ದ ವಾಲಿ ರಾಮನ ಹತ್ರ ಎಂತ ಕೇಳಿದ?”

“ಮರದ ಮರೆಯಲ್ಲಿ ನಿಂತು ಹೊಡೆದದ್ದು ಎಂತಕ್ಕೆ ಅಂತ.”

“ನಾ ನಿಂಗೆ ಎಂತ ತಪ್ಪು ಮಾಡಿದ್ದೆ ಅಂತ.”

“ಸೀತೆಯನ್ನ ಹುಡುಕಲು ನನ್ನ ಹತ್ರ ಕೇಳಿದ್ರೆ ನಾನೇ ತಂದು ಕೊಡ್ತಿದ್ದೆ ಅಂತ!” ನಿಮ್ಮ ಪಕ್ಕದವನು ಬಸ್ಸು, ಚೀಟಿ ಎರಡನ್ನೂ ಮರೆತು ಎದ್ದು ನಿಂತಿದ್ದಾನೆ.

“ವಾಲಿಯ ಅರ್ಥ ಹೇಳಿದವರು ಸುಮ್ಮನೆ ‘ಅಯ್ಯೋ ಸತ್ತೆ’ ಅಂದಿದ್ರೆ?”

“ಮಜಾ ಇರ್ತಿರ್ಲಿಲ್ಲ.”

“ಯಾರಿಗೆ ನಷ್ಟ? ವಾಲಿಗಾ?”

ಸ್ವಲ್ಪ ತಡೆದು ಮುಂದಿನ ಬೆಂಚಿನ ಕಂಪಾಸ್ ಪೆಟ್ಟಿಗೆಯ ಹುಡುಗಿ ಹೇಳುತ್ತಾಳೆ: “ರಾಮನಿಗೆ. ಅವನಿಗೆ ಹೇಳ್ಲಿಕ್ಕೆ ಎಂತವೂ ಇರ್ತಿರ್ಲಿಲ್ಲ.”

ಅಕ್ಕೋರು ಇದನ್ನು ವಿವರಿಸಲು ಹೋಗುವುದಿಲ್ಲ. ಕರಾವಳಿ, ಮಲೆನಾಡಿನ ಹಿರಿಯರು ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಇಂದಿಗೂ ನೆನೆಯುವುದು ಇದೇ ಕಾರಣಕ್ಕೆ: ಅಂಥ ವಾಲಿ ಎದುರಿಗಿದ್ದರೆ ರಾಮನ ಅರ್ಥ ಹೇಳುವವರು ಬೆವರಬೇಕಿತ್ತು. ನಮ್ಮ ಶಾಸ್ತ್ರಕಾರರಿಗೂ ಇದು ಗೊತ್ತಿತ್ತು. ಭಾಷ್ಯ ಬರೆಯುವವರು ಮೊದಲು ಪೂರ್ವಪಕ್ಷವನ್ನು, ಎಂದರೆ ಎದುರಿನವರ ವಾದವನ್ನು, ಅದರ ಪೂರ್ಣ ಬಲದಲ್ಲಿ ಮಂಡಿಸಿ, ಬಳಿಕವೇ ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರು. ನ್ಯಾಯಶಾಸ್ತ್ರವು ನಿಜ ತಿಳಿಯಲು ನಡೆಸುವ ವಾದ, ಗೆಲ್ಲಲೆಂದೇ ಆಡುವ ಜಲ್ಪ, ತನ್ನದೇನನ್ನೂ ಹೇಳದೆ ಎದುರಿನವರದನ್ನು ಕೆಡವುವ ವಿತಂಡ ಎಂದು ಮೂರನ್ನು ಬೇರೆಬೇರೆ ಇಟ್ಟಿತು. ನಮ್ಮ ಶಾಲೆಗಳ ಚರ್ಚಾ ಸ್ಪರ್ಧೆಗಳಲ್ಲಿ ಮಾತ್ರ ಶಿಕ್ಷಕರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿದ ಮಗು, ಎದುರಿನವರು ಏನು ಹೇಳಿದರೆಂದು ಕೇಳಿಸಿಕೊಳ್ಳದೆಯೇ ‘ನನ್ನ ಎದುರಾಳಿ ಮಿತ್ರರೇ’ ಎಂದು ಶುರುಮಾಡಿ ಬಹುಮಾನ ಪಡೆಯುತ್ತದೆ.

ಮಳೆ ಈಗ ಹದಕ್ಕೆ ಬಂದಿದೆ. ಅಕ್ಕೋರು ಆಫೀಸ್ ಕೋಣೆಯಿಂದ ಕಳೆದ ವರ್ಷದ ಹಾಜರಿ ಪುಸ್ತಕ ತರುತ್ತಾರೆ. ಹೆಸರುಗಳ ಮೇಲೆ ಹಾಳೆ ಇಟ್ಟು ಮುಚ್ಚಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ಎರಡೇ ಗುರುತು ಹಾಕಿದ್ದಾರೆ: ಹಳ್ಳದ ಆಚೆಯವರು, ಹಳ್ಳದ ಈಚೆಯವರು. “ಮಳೆಗಾಲದಲ್ಲಿ ಹಳ್ಳದಾಚೆಯ ಮಕ್ಕಳು ಶಾಲೆಗೆ ಬರ್ಲಿಕ್ಕೆ ಆಗೋದಿಲ್ಲ ಅಂತ ಕಿಟಕಿ ಕಡೆಯ ಮೂರು ಚೀಟಿಗಳಲ್ಲಿದೆ. ಹೌದೋ ಅಲ್ವೋ, ಬಂದು ನೋಡಿ.”

ಮೇಜಿನ ಸುತ್ತ ತಲೆಗಳು ಮುತ್ತುತ್ತವೆ. ನೀವೂ ಎದ್ದು ಹೋಗಿ, ಅವರ ಭುಜಗಳ ಮೇಲಿಂದ ನೋಡಿ. ಜುಲೈ ಪುಟದಲ್ಲಿ ಗೈರಿನ ಗುರುತುಗಳು ಇವೆ, ನಿಜ. ಬೆರಳಿಟ್ಟು ಎಣಿಸುತ್ತ ಹೋದ ಹುಡುಗನ ದನಿ ಇಳಿಯುತ್ತದೆ. ಹಳ್ಳದಾಚೆಯವರು ತಪ್ಪಿಸಿದ್ದು ಕಡಿಮೆ. ರಸ್ತೆ ಬದಿಯ ಮನೆಯವರೇ ಹೆಚ್ಚು ತಪ್ಪಿಸಿದ್ದಾರೆ.

ಗೋಡೆ ಕಡೆ ಸಂಭ್ರಮ. “ನಿಮ್ಮ ಚೀಟಿ ಸುಳ್ಳು!”

ಇಂಥ ಹೊತ್ತಿಗೇ ವಾದದ ಪಾಠ ಶುರುವಾಗುವುದು. ಅಂಕಿ ಎದುರಾಯಿತು, ಸೋತೆವು ಎಂದು ಕೂತರೆ ಆಟ ಮುಗಿಯಿತು. ಅಂಕಿಯನ್ನೇ ಕಾಣದಂತೆ ನಟಿಸಿದರೂ ಮುಗಿಯಿತು. ಅಕ್ಕೋರು ಎರಡೂ ಕಡೆಯವರಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: “ಯಾಕೆ ಹೀಗಿದೆ?” ಅಂಕಿಯಿಂದ ತೀರ್ಮಾನಕ್ಕೆ ಹಾರುವಾಗ ನಡುವೆ ನಾವು ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇರುತ್ತದೆ. ಬ್ರಿಟಿಷ್ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಅಂಗಾಂಗಗಳನ್ನು ಬಿಡಿಸಿಟ್ಟಾಗ ಎತ್ತಿ ತೋರಿಸಿದ್ದು ಈ ಅಡಗಿದ ಕೊಂಡಿಯನ್ನೇ. ‘ಅಪಾಯವಿದ್ದರೆ ಮಕ್ಕಳು ಬರುವುದಿಲ್ಲ’ ಎಂಬುದು ಕಿಟಕಿ ಕಡೆಯವರ ಕೊಂಡಿ. ಅದು ಈಗ ಕಳಚಿದೆ.

“ಅಕ್ಕೋರೇ,” ನಿಮ್ಮ ಪಕ್ಕದ ಹುಡುಗ ಮೆಲ್ಲಗೆ ಶುರುಮಾಡುತ್ತಾನೆ. ಅವನು ಹಳ್ಳದಾಚೆಯವನು ಎಂದು ನಿಮಗೆ ಈಗ ಗೊತ್ತಾಗುತ್ತದೆ. “ಅಪ್ಪ ಅಡಿಕೆ ಮರ ಹತ್ತುವ ಕೊನೆಗೌಡ. ಮಳೆ ಬಿಡುವು ಕೊಟ್ಟಾಗ ತೋಟಕ್ಕೆ ಕೊಳೆಮದ್ದು ಹೊಡೀಲಿಕ್ಕೆ ಹೋಗ್ಬೇಕು. ಆದ್ರೂ ಬೆಳಿಗ್ಗೆ ನನ್ನನ್ನ, ತಂಗಿಯನ್ನ ಹೆಗಲ ಮೇಲೆ ದಾಟಿಸಿ ಹೋಗ್ತಾರೆ. ನಾವು ಬರ್ತೇವೆ. ಹಾಜರಿ ಪುಸ್ತಕದಲ್ಲಿ ಬಂದದ್ದು ಮಾತ್ರ ಇರ್ತದೆ, ಹ್ಯಾಂಗೆ ಬಂದ್ವಿ ಅಂತ ಇರೋದಿಲ್ಲ.”

“ಅದನ್ನ ಬರಿ,” ಅಕ್ಕೋರು ಅಷ್ಟೇ ಹೇಳುತ್ತಾರೆ.

ಅವನ ವಾದ ಈಗ ಜಾಗ ಬದಲಿಸಿತು. ‘ಬರಲು ಆಗುವುದಿಲ್ಲ’ ಎಂಬುದು ಹೋಗಿ ‘ಬರುತ್ತೇವೆ, ಆದರೆ ಅಪಾಯ ಹೊತ್ತು ಬರುತ್ತೇವೆ’ ಎಂಬುದು ಬಂತು. ಮೊದಲಿನದು ಸುಲಭದ ಮಾತಾಗಿತ್ತು, ಹಾಜರಿ ಪುಸ್ತಕದ ಎದುರು ಬಿದ್ದುಹೋಯಿತು. ಎರಡನೆಯದನ್ನು ಬೀಳಿಸುವುದು ಕಷ್ಟ.

ಇನ್ನೂ ಎರಡು ಕಾಗದಗಳು ಮೇಜಿನ ಮೇಲೆ ಬರುತ್ತವೆ. ಒಂದು ಪತ್ರಿಕೆಯ ತುಣುಕು: 2025ರ ಜುಲೈ ಕೊನೆಯಲ್ಲಿ ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ, ಶಾಲೆಯ ದೊಡ್ಡ ರಜೆಯನ್ನು ಏಪ್ರಿಲ್–ಮೇ ಬದಲು ಜೂನ್–ಜುಲೈಗೆ ಸರಿಸಿದರೆ ಹೇಗೆ ಎಂದು ಸಾರ್ವಜನಿಕ ಚರ್ಚೆಗೆ ಕರೆ ಕೊಟ್ಟ ಸುದ್ದಿ. ಕಿಟಕಿ ಕಡೆಯವರು ಜಿಗಿದು ಬರೆಯುತ್ತಾರೆ: ‘ಕೇರಳದ ಮಂತ್ರಿಯೇ ಹೇಳಿದ್ದಾರೆ, ಆದ್ದರಿಂದ ಇದು ಸರಿ.’ ಅಕ್ಕೋರು ತುಣುಕನ್ನು ಅವರ ಮುಂದೆ ತಳ್ಳುತ್ತಾರೆ. “ಮಂತ್ರಿ ಹೇಳಿದ್ದಾ, ಕೇಳಿದ್ದಾ? ಸರಿಯಾಗಿ ಓದಿ.” ಮತ್ತೆ ಓದುತ್ತಾರೆ. ‘ಹೇಳಿದ್ದಾರೆ’ ಹೋಗಿ ‘ಚರ್ಚೆ ಆಗಲಿ ಎಂದಿದ್ದಾರೆ’ ಬರುತ್ತದೆ. ‘ಆದ್ದರಿಂದ ಇದು ಸರಿ’ ಎಂಬಲ್ಲಿ ‘ಇದು ನಮ್ಮೊಬ್ಬರ ಕಷ್ಟವಲ್ಲ’ ಎಂದು ಬರುತ್ತದೆ. ಮಾತಿನ ಜೋರು ಇಳಿಯಿತು, ನಂಬಿಕೆ ಹೆಚ್ಚಿತು.

ಇನ್ನೊಂದರಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ಎರಡು ಅಂಕಿಗಳನ್ನು ಅಕ್ಕೋರು ತಾವೇ ಬರೆದಿದ್ದಾರೆ: ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನ, 1000 ಬೋಧನಾ ಗಂಟೆ. ಗಣಿತ ಚುರುಕಿರುವ ಒಬ್ಬ ಆಗಲೇ ಭಾಗಿಸಿದ್ದಾನೆ, “ದಿನಕ್ಕೆ ಸುಮಾರು ನಾಲ್ಕೂವರೆ ತಾಸು.” ಈ ಚೀಟಿ ಯಾರ ಕಡೆಯದು? ಎರಡೂ ಕಡೆಯವರು ಕೈ ಚಾಚುತ್ತಾರೆ. ‘ರಜೆ ಯಾವಾಗ ಕೊಟ್ಟರೂ 220 ದಿನ ಆಗಲೇಬೇಕು, ಹಾಗಾದ್ರೆ ಬದಲಿಸಿ ಎಂತ ಲಾಭ?’ ಎಂದು ಗೋಡೆ. ‘ಮಳೆ ರಜೆ ಹೇಳದೇ ಕೇಳದೇ ಬಂದು ದಿನ ತಿಂದು ಹಾಕ್ತದೆ, ಮೊದಲೇ ಗೊತ್ತಿರುವ ರಜೆ ಆದ್ರೆ ಹಾಗಾಗೋದಿಲ್ಲ’ ಎಂದು ಕಿಟಕಿ. ಒಂದೇ ಅಂಕಿ ಎರಡು ವಾದಗಳಿಗೆ ದುಡಿಯುತ್ತಿದೆ. ‘ಅಂಕಿ–ಅಂಶವೇ ಹೇಳುತ್ತದೆ’ ಎಂದು ದೊಡ್ಡವರು ಟೀವಿಯಲ್ಲಿ ಗುಡುಗುವಾಗ ಇದನ್ನು ನೆನಪಿಡಿ.

ಎರಡು ಪಿರಿಯಡ್ ಸೇರಿಸಿ ಮಾಡಿಕೊಂಡ ಹೊತ್ತಿನಲ್ಲಿ ಉಳಿದದ್ದು ಬರವಣಿಗೆಗೆ. ಪೀಠಿಕೆ, ವಿವರಣೆ, ಉಪಸಂಹಾರ ಎಂಬ ಪದಗಳನ್ನು ಅಕ್ಕೋರು ಇವತ್ತು ಎತ್ತುವುದೇ ಇಲ್ಲ. “ನಿಮ್ಮ ಚೀಟಿ, ಅವರ ಚೀಟಿ, ಎಲ್ಲ ಬೆಂಚಿನ ಮೇಲೆ ಹರಡಿ. ಈಗ ನಿಮಗೆ ಯಾವುದು ನಿಜ ಅನ್ನಿಸ್ತದೋ ಆ ಕಡೆ ನಿಲ್ಲಿ, ಗೆರೆ ಇಲ್ಲ. ಆದ್ರೆ ಎದುರು ಕಡೆಯ ಒಂದು ಚೀಟಿಯಾದ್ರೂ ನಿಮ್ಮ ಬರಹದಲ್ಲಿ ಇರ್ಬೇಕು. ಅದೂ ಸುಲಭದ್ದಲ್ಲ, ನಿಮಗೆ ಹೆಚ್ಚು ಕಷ್ಟ ಕೊಟ್ಟದ್ದು.”

ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದೆ: ಏಕೆಂದರೆ, ಆದ್ದರಿಂದ, ಎಂಬುದು ನಿಜ ಆದರೆ, ಹಾಗಿದ್ದರೂ, ಒಂದು ವೇಳೆ. ಕಳೆದ ವಾರದ ಪ್ರಬಂಧಗಳಲ್ಲಿ ವಾಕ್ಯಗಳನ್ನು ಸೇರಿಸುತ್ತಿದ್ದದ್ದು ‘ಮತ್ತು’ ಒಂದೇ. ‘ಮತ್ತು’ವಿನಿಂದ ಸಾಲು ಉದ್ದವಾಗುತ್ತದೆ, ವಾದ ಮುಂದೆ ಹೋಗುವುದಿಲ್ಲ. ‘ಆದ್ದರಿಂದ’ ಬರೆದ ಮಗು ಹಿಂದಿನ ವಾಕ್ಯಕ್ಕೆ ಹೊಣೆಯಾಗಬೇಕು.

ಪಕ್ಕಕ್ಕೆ ನೋಡಿ. ಅವನ ಪೆನ್ಸಿಲ್ ರೂಢಿಯಂತೆ ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಬರೆದಾಗಿದೆ. ನಿಲ್ಲುತ್ತಾನೆ. ರಬ್ಬರ್ ಹುಡುಕುತ್ತಾನೆ, ಸಿಗದೆ ಬೆರಳಿಗೆ ಎಂಜಲು ಹಚ್ಚಿ ಉಜ್ಜುತ್ತಾನೆ. ಹಾಳೆ ತುಸು ಹರಿಯುತ್ತದೆ. ಅದರ ಕೆಳಗೆ:

‘ನಮ್ಮ ಮನೆಯಿಂದ ಶಾಲೆಗೆ ಬರಲು ಹಳ್ಳ ದಾಟಬೇಕು. ಸಂಕಕ್ಕೆ ಎರಡು ಅಡಿಕೆ ಮರ ಹಾಕಿದ್ದಾರೆ. ನಾನು ಕಳೆದ ವರ್ಷ ಜುಲೈಯಲ್ಲಿ ಶಾಲೆ ತಪ್ಪಿಸಿದ್ದು ಕಡಿಮೆ. ಆದ್ದರಿಂದ ಅಪಾಯ ಇಲ್ಲ ಎಂದು ಹೇಳಬಹುದು. ಆದರೆ ಅಪ್ಪನ ಹೆಗಲ ಮೇಲೆ ದಾಟಿ ಬಂದೆ ಎಂಬುದನ್ನು ಹಾಜರಿ ಪುಸ್ತಕ ಬರೆದುಕೊಳ್ಳುವುದಿಲ್ಲ. ಸಂಕ ಕಟ್ಟಿಸಿದರೆ ಸಾಕು ಎಂದು ಗೋಡೆ ಕಡೆಯವರು ಹೇಳುತ್ತಾರೆ. ಅದು ನನ್ನ ಮಾತಿಗಿಂತ ಒಳ್ಳೆಯ ಮಾತು. ಹಾಗಿದ್ದರೂ ಅದು ಆಗುವವರೆಗೆ…’

ಕಾಗುಣಿತ ಅಲ್ಲಲ್ಲಿ ಜಾರಿದೆ, ಒತ್ತಕ್ಷರ ಬಿಟ್ಟುಹೋಗಿದೆ. ಅಕ್ಕೋರು ಹಿಂದೆ ನಿಂತು ಓದುತ್ತಾರೆ, ಕೆಂಪು ಪೆನ್ನು ಜೇಬಿನಿಂದ ತೆಗೆಯುವುದಿಲ್ಲ. ಕಾಗುಣಿತಕ್ಕೆ ನಾಳೆಯ ಪಿರಿಯಡ್ ಇದೆ. ಇವತ್ತು ತಿದ್ದಲು ಹೊರಟರೆ ಹುಡುಗ ಯೋಚನೆಯನ್ನು ಬಿಟ್ಟು ಅಕ್ಷರವನ್ನು ಕಾಯಲು ಕೂರುತ್ತಾನೆ.

ಗೋಡೆ ಕಡೆಯ ಮೂರನೇ ಬೆಂಚಿನ ಹುಡುಗಿ, ತಲೆಯೆತ್ತದವಳು, ಎಲ್ಲರಿಗಿಂತ ಮೊದಲು ಬರೆದು ಮುಗಿಸಿದ್ದಾಳೆ. ಓದಲು ಹೇಳಿದಾಗ ಎದ್ದು ನಿಂತು ಹಾಳೆಯಿಂದ ಕಣ್ಣು ತೆಗೆಯದೆ ಓದುತ್ತಾಳೆ. ಬೇಸಿಗೆ ರಜೆ ಬೇಸಿಗೆಯಲ್ಲೇ ಇರಲಿ, ಬಾವಿಯಲ್ಲಿ ನೀರಿಲ್ಲ. ದಸರೆ ರಜೆಯಲ್ಲಿ ಒಂದು ವಾರ ತೆಗೆದು, ಮಳೆ ಹೆಚ್ಚಿರುವ ಜುಲೈಯಲ್ಲಿ ಕೊಡಲಿ. ಆಗ ಹಳ್ಳದಾಚೆಯವರು ಹೆದರಿಕೊಂಡು ದಾಟಬೇಕಿಲ್ಲ. ಆದರೆ ಆ ವಾರವೂ ಅಡುಗೆಕೋಣೆ ತೆರೆದಿರಲಿ, ಬರಲು ಆಗುವವರು ಬಂದು ಉಣ್ಣಲಿ.

“ರಜೆಯಲ್ಲಿ ಯಾರು ಅಡುಗೆ ಮಾಡ್ತಾರೆ?” ಕಿಟಕಿ ಕಡೆಯಿಂದ ಆಕ್ಷೇಪ ಸಿಡಿಯುತ್ತದೆ. ಬಾಯಿ ತೆರೆಯಬಾರದೆಂಬ ನಿಯಮ ಆಗಲೇ ಮಣ್ಣುಪಾಲಾಗಿದೆ.

ಅವಳಿಗೆ ಉತ್ತರ ಗೊತ್ತಿಲ್ಲ. ಅಕ್ಕೋರಿಗೆ ಗೊತ್ತು: 2024ರ ಬರದ ಬೇಸಿಗೆಯಲ್ಲಿ ರಾಜ್ಯದ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯ ದಿನಗಳಲ್ಲೂ ಬಿಸಿಯೂಟ ಬಡಿಸಿದ್ದರು. ಅವರು ಅದನ್ನು ಒಂದು ಚೀಟಿಯಲ್ಲಿ ಬರೆದು ಅವಳಿಗೆ ಕೊಡುತ್ತಾರೆ. ಹುಡುಗಿ ಓದಿಕೊಂಡು, ಆಕ್ಷೇಪಿಸಿದವನತ್ತ ತಿರುಗಿ, ಇವತ್ತಿನ ನಿಯಮದಂತೆಯೇ ಶುರುಮಾಡುತ್ತಾಳೆ: “ನೀನು ಹೇಳಿದ್ದು ರಜೆಯಲ್ಲಿ ಅಡುಗೆ ಆಗೋದಿಲ್ಲ ಅಂತ…”

ಅಡುಗೆಕೋಣೆಯಿಂದ ಸಾರಿನ ಒಗ್ಗರಣೆಯ ವಾಸನೆ ಬಂದಿದೆ. ಗಂಟೆ ಇನ್ನೇನು ಹೊಡೆಯಬೇಕು. ಬೆಳಿಗ್ಗೆ ಕರಿಹಲಗೆಯ ವಾಕ್ಯಕ್ಕೆ ಕೈಯೆತ್ತಿದ್ದವರಲ್ಲಿ ಕೆಲವರು ಈಗಲೂ ಅದರ ಕಡೆಗೇ ಇದ್ದಾರೆ. ಕೆಲವರು ದಾಟಿದ್ದಾರೆ. ಹೆಚ್ಚಿನವರು ಅವಳ ಹಾಗೆ ಆ ವಾಕ್ಯವನ್ನೇ ಒಡೆದು ಬೇರೆ ವಾಕ್ಯ ಕಟ್ಟಿಕೊಂಡಿದ್ದಾರೆ. ಅನುಕೂಲ ನಾಲ್ಕು, ಅನಾನುಕೂಲ ನಾಲ್ಕು ಎಂದು ಮುಗಿಸಿದವರು ಒಬ್ಬಿಬ್ಬರಿದ್ದಾರೆ. ಅವರ ಹಾಳೆಯ ಅಂಚಿನಲ್ಲಿ ಅಕ್ಕೋರು ಅಂಕದ ಬದಲು ಒಂದು ಪ್ರಶ್ನೆ ಬರೆಯುತ್ತಾರೆ: ‘ಹಾಗಾದ್ರೆ ನೀನು ಯಾವ ಕಡೆ?’

ಗಲಾಟೆಯ ನಡುವೆ ಕಂಪಾಸ್ ಪೆಟ್ಟಿಗೆಯ ಹುಡುಗಿ ಮೇಜಿನ ಬಳಿ ಬರುತ್ತಾಳೆ. “ಅಕ್ಕೋರೇ, ಇದನ್ನ ಬಿಇಒ ಸಾಹೇಬ್ರಿಗೆ ಕಳ್ಸುವಾ. ನಿಜವಾಗ್ಲೂ.”

“ಕಳ್ಸುವಾ,” ಅಕ್ಕೋರು ಅವಳಿಗೆ ಹೊಸದೊಂದು ಹಾಳೆ ಕೊಡುತ್ತಾರೆ. “ಅದಕ್ಕೂ ಮೊದಲು, ಸಾಹೇಬ್ರು ಬೇಡ ಅನ್ನಲಿಕ್ಕೆ ಯಾವ್ಯಾವ ಕಾರಣ ಹೇಳ್ಬಹುದು, ಅಷ್ಟನ್ನೂ ಇದರಲ್ಲಿ ಬರೆದುಕೊಂಡು ಬಾ.”